ಶಿಶುಗಳ ದೃಷ್ಟಿಯೂ ಅದರ ಅಳತೆಯೂ

(ಮಹೋತ್ಸವದ ಸಭೆಯಲ್ಲಿ ಓದಿದ ಉಪನ್ಯಾಸ)



ಪ್ರಾಯದ ಮನುಷ್ಯನು ತನ್ನ ಕಣ್ಣು ಮಂಜಾಯಿತೆಂಬುದನ್ನು ತಾನೇ ಹೇಳಬಲ್ಲನು. ಶಾಲೆಯ ಹುಡುಗನು ಕರಿಯ ಹಲಗೆಯ ಮೇಲಿನ ಅಕ್ಷರಗಳು ಕಾಣವೆಂದು ಉಪಾಧ್ಯಾಯರಿಗೆ ಅರಿಕೆ ಮಾಡಿಕೊಳ್ಳಬಲ್ಲನು. ಅವನು ಹೇಳದಿದ್ದರೂ ಗೋಡೆಗೆ ತೂಗಹಾಕಿದ ಅಕ್ಷರಪಟವನ್ನು ಓದಿಸಿ ಅವನ ದೋಷವನ್ನು ಕಂಡುಹಿಡಿಯಬಹುದು. ಆದರೆ ತೊಟ್ಟಿಲಲ್ಲಿ ಮಲಗಿರುವ ಆರು ತಿಂಗಳ ಕೂಸು ಏನನ್ನು ಹೇಳೀತು? ಅದಕ್ಕೆ ಅಕ್ಷರವಿಲ್ಲ, ಮಾತಿಲ್ಲ. ಅದಕ್ಕೂ ಮಿಗಿಲಾಗಿ, ಸ್ಪಷ್ಟವಾಗಿ ಕಾಣುವುದೆಂದರೆ ಎಂತಹದೆಂಬ ಅನುಭವವೇ ಅದಕ್ಕಿಲ್ಲ. ಹುಟ್ಟಿದಂದಿನಿಂದ ಮಸಕಾಗಿಯೇ ಕಂಡ ಕೂಸು, ಜಗತ್ತು ಇರುವುದೇ ಹೀಗೆಂದು ತಿಳಿದು, ತಾಯಿಯ ಮುಖವನ್ನು ನೋಡಿ ನಗುತ್ತಲೇ ಇರುವುದು. ಈ ನಗುವೇ ಮನೆಯವರನ್ನು ಮೋಸಗೊಳಿಸುವುದು. ಮಗುವು ದೀಪವನ್ನು ನೋಡುತ್ತದೆ, ಗಿಲಕಿಯನ್ನು ಹಿಡಿಯುತ್ತದೆ, ಇನ್ನು ಕಣ್ಣಿಗೇನು ಕೊರತೆ, ಎಂದು ಎಲ್ಲರೂ ನೆಮ್ಮದಿಯಿಂದಿರುವಾಗಲೇ ಒಂದು ಕಣ್ಣು ಸದ್ದಿಲ್ಲದೆ ಮಂದವಾಗುತ್ತ ಹೋಗಿರುವುದುಂಟು. ಕೇಳಿ ತಿಳಿಯಲಾಗದ ಈ ದೋಷವನ್ನು ಅಳೆದು ತಿಳಿಯುವ ಬಗೆ ಯಾವುದು, ಆ ಅಳತೆಯನ್ನು ಒಮ್ಮೆ ಮಾತ್ರವಲ್ಲದೆ ಮತ್ತೆ ಮತ್ತೆ ಏಕೆ ಮಾಡಬೇಕು ಎಂಬುದೇ ಈ ಹೊತ್ತಿನ ವಿಷಯವು.

ಮೊದಲು ಕಣ್ಣಿನ ರಚನೆಯನ್ನು ಎರಡು ಮಾತಿನಲ್ಲಿ ತಿಳಿಯುವುದು ಅವಶ್ಯವಾಗಿದೆ. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿರುವ ನಿರ್ಮಲವಾದ ಪೊರೆಯೊಂದಿದೆ. ಅದರ ಹಿಂದೆ, ಪಾಪೆಯ ಒಳಗಡೆಯಲ್ಲಿ, ಮಸೂರವಿದೆ. ಎಲ್ಲಕ್ಕೂ ಹಿಂದೆ ರೆಟಿನಾ ಎಂದು ಕರೆಯಲ್ಪಡುವ ಅಕ್ಷಿಪಟವಿದೆ. ಹೊರಗಿನಿಂದ ಬಂದ ಕಿರಣಗಳು ಮುಂದಿನ ಪೊರೆಯಲ್ಲಿಯೂ ಮಸೂರದಲ್ಲಿಯೂ ಬಾಗಿ ಸರಿಯಾಗಿ ಅಕ್ಷಿಪಟದ ಮೇಲೆಯೇ ಕೂಡಿದರೆ ರೂಪವು ಸ್ಪಷ್ಟವಾಗಿ ಮೂಡುವುದು. ಕಣ್ಣಿನ ಉದ್ದವು ತಕ್ಕುದಕ್ಕಿಂತ ಕಡಿಮೆಯಾಗಿದ್ದರೆ ಕಿರಣಗಳು ಅಕ್ಷಿಪಟದ ಹಿಂದೆ ಕೂಡಲು ಹವಣಿಸುವುವು, ಇದು ದೂರದೃಷ್ಟಿ. ಉದ್ದವು ಹೆಚ್ಚಾಗಿದ್ದರೆ ಮುಂದೆಯೇ ಕೂಡಿಬಿಡುವುವು, ಇದು ಸಮೀಪದೃಷ್ಟಿ. ಮುಂದಿನ ಪೊರೆಯ ಬಾಗು ಅಡ್ಡಕ್ಕೊಂದು ಉದ್ದಕ್ಕೊಂದು ಬಗೆಯಾಗಿದ್ದರೆ ಅದು ಅಸಮದೃಷ್ಟಿ. ಈ ಮೂರನ್ನೂ ಕೂಡಿಸಿ ವಕ್ರೀಭವನದ ದೋಷಗಳೆಂದು ಹೇಳುವರು. ಇವುಗಳ ಮಾನಕ್ಕೆ ಡಯಾಪ್ಟರ್ ಎಂದು ಹೆಸರು. ದೂರದೃಷ್ಟಿಯನ್ನು ಧನಚಿಹ್ನೆಯಿಂದಲೂ ಸಮೀಪದೃಷ್ಟಿಯನ್ನು ಋಣಚಿಹ್ನೆಯಿಂದಲೂ ಬರೆಯುವ ವಾಡಿಕೆಯುಂಟು.

ಇಲ್ಲಿ ಆಶ್ಚರ್ಯಪಡತಕ್ಕ ಸಂಗತಿಯೊಂದಿದೆ. ಹುಟ್ಟಿದ ಕೂಸಿನ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಉದ್ದವಾಗಿರುವುದು. ದೊಡ್ಡವರ ಕಣ್ಣು 23 ರಿಂದ 24 ಮಿಲಿಮೀಟರ್. ಅಂದರೆ ಕಣ್ಣು ಆರೇಳು ಮಿಲಿಮೀಟರ್ ಬೆಳೆಯಬೇಕು. ಅದರಲ್ಲಿ ಬಹುಭಾಗವು ಮೊದಲ ಎರಡು ವರ್ಷಗಳಲ್ಲಿಯೇ ನಡೆದುಹೋಗುವುದು. ದೊಡ್ಡವರ ಕಣ್ಣಿನಲ್ಲಿ ಒಂದೇ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಎರಡೂವರೆ ಮೂರು ಡಯಾಪ್ಟರ್ ದೋಷ ತಲೆದೋರುವುದು. ಹೀಗಿರುವಲ್ಲಿ ಆರೇಳು ಮಿಲಿಮೀಟರ್ ಬೆಳೆದ ಕಣ್ಣು ದಿಕ್ಕುಗೆಟ್ಟು ಹೋಗಬೇಕಾಗಿತ್ತು. ಆದರೆ ಹಾಗಾಗುವುದಿಲ್ಲ. ಕಣ್ಣು ಉದ್ದವಾದಂತೆ ಮುಂದಿನ ಪೊರೆಯ ಉಬ್ಬು ತಗ್ಗುತ್ತ, ಮಸೂರದ ಶಕ್ತಿಯೂ ಇಳಿಯುತ್ತ, ಮೂರೂ ಒಂದಕ್ಕೊಂದು ಹೊಂದಿಕೊಂಡು, ಬಹುಮಂದಿ ಮಕ್ಕಳಲ್ಲಿ ಕಿರಣಗಳು ಅಕ್ಷಿಪಟದ ಹತ್ತಿರಕ್ಕೇ ಬಂದು ನಿಲ್ಲುವುವು. ಯಾವ ಬಡಗಿಯೂ ತಾನು ಕಟ್ಟುತ್ತಿರುವ ಮನೆಯ ಗೋಡೆಗಳನ್ನು ಹಿಂದಕ್ಕೆ ಸರಿಸುತ್ತ ಸರಿಸುತ್ತಲೇ ಬಾಗಿಲನ್ನು ಇಷ್ಟು ಸರಿಯಾಗಿ ಕೂಡಿಸಲಾರನು.

ಈ ಹೊಂದಾಣಿಕೆಯು ಎಲ್ಲ ಮಕ್ಕಳಲ್ಲಿಯೂ ನಡೆಯುವುದಿಲ್ಲವೆಂಬುದೇ ಚಿಂತೆಗೆ ಕಾರಣವು. ನಡೆಯದಿದ್ದರೇನು, ದೊಡ್ಡವನಾದ ಮೇಲೆ ಉಪನೇತ್ರವನ್ನು ಹಾಕಿಸಿದರಾಯಿತು, ಎಂಬ ಸಮಾಧಾನವು ಸಹಜವಾಗಿ ಹುಟ್ಟುವುದು. ಈ ಸಮಾಧಾನವು ತಪ್ಪೆಂದು ತೋರಿಸಿಕೊಟ್ಟವರಲ್ಲಿ ಅಮೆರಿಕೆಯ ಹಾರ್ವರ್ಡ್ ವಿದ್ಯಾಪೀಠದ ಹ್ಯೂಬೆಲ್ ಮತ್ತು ವೀಸೆಲ್ ಎಂಬ ಇಬ್ಬರು ಪ್ರಮುಖರು. ಅವರು 1963ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಮೊದಲ ವಾರಗಳಲ್ಲಿ ಮುಚ್ಚಿಟ್ಟು ಆಮೇಲೆ ತೆರೆದರು. ಕಣ್ಣು ಅಖಂಡವಾಗಿಯೇ ಇದ್ದಿತು. ಆದರೆ ಮೆದುಳಿನ ದೃಷ್ಟಿಸ್ಥಾನವು ಆ ಕಣ್ಣಿನ ಮಾತಿಗೆ ಓಗೊಡಲಿಲ್ಲ. ಬೆಳೆದ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿಟ್ಟರೆ ಅಂತಹ ಹಾನಿಯೇನೂ ಆಗಲಿಲ್ಲ. ಈ ಪಂಡಿತರಿಗೆ 1981ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಇದರಿಂದ ತಿಳಿಯಬಂದುದೇನೆಂದರೆ, ನೋಡುವುದು ಕಣ್ಣಿನ ಕೆಲಸ ಮಾತ್ರವಲ್ಲ. ಮೆದುಳು ಎಳವೆಯಲ್ಲಿ ಕಲಿಯತಕ್ಕ ವಿದ್ಯೆ. ಆ ಕಾಲದಲ್ಲಿ ಕಣ್ಣು ಮಸಕಾದ ಚಿತ್ರವನ್ನೇ ಕಳುಹಿಸುತ್ತಿದ್ದರೆ ಮೆದುಳು ಸ್ಪಷ್ಟವಾದುದನ್ನು ಓದಲು ಕಲಿಯುವುದೇ ಇಲ್ಲ. ತಡವಾಗಿ ತಕ್ಕ ಉಪನೇತ್ರವನ್ನು ಇಟ್ಟರೂ ಆ ಕಣ್ಣು ಪೂರ್ತಿಯಾಗಿ ತೆರೆಯದೆ ಹೋಗಬಹುದು. ಇದನ್ನೇ ಮಂದದೃಷ್ಟಿಯೆಂದೂ, ಆಡುಮಾತಿನಲ್ಲಿ ಸೋಮಾರಿ ಕಣ್ಣೆಂದೂ ಹೇಳುವರು. ಸೋಮಾರಿತನವು ಕಣ್ಣಿನದಲ್ಲ, ಅದರ ಪಾಠವು ತಪ್ಪಿಹೋಗಿದೆ, ಅಷ್ಟೆ.

ಎರಡು ಕಣ್ಣುಗಳ ದೋಷವು ಸಮನಾಗಿಲ್ಲದಿದ್ದರೆ ಅಪಾಯವು ಇನ್ನೂ ಗುಪ್ತವಾದುದು. ಒಳ್ಳೆಯ ಕಣ್ಣಿನಿಂದ ಮಗುವು ಎಲ್ಲ ವ್ಯವಹಾರವನ್ನೂ ನಡೆಸಿಕೊಂಡು ಹೋಗುವುದರಿಂದ ಇನ್ನೊಂದು ಕಣ್ಣಿನ ಸುಳಿವು ಯಾರಿಗೂ ಹತ್ತುವುದಿಲ್ಲ. ಇನ್ನು ದೂರದೃಷ್ಟಿಯು ಹೆಚ್ಚಾಗಿದ್ದರೆ ಬೇರೊಂದು ತೊಡಕುಂಟು. ಕೂಸಿನ ಮಸೂರವು ಬಹಳ ಮೃದುವಾದುದು. ಅದನ್ನು ಬಿಗಿಹಿಡಿದು ಉಬ್ಬಿಸಿ ಮಗುವು ತನ್ನ ದೋಷವನ್ನು ತಾನೇ ಮುಚ್ಚಿಕೊಳ್ಳುವುದು. ಆದರೆ ಹೀಗೆ ಬಿಗಿಹಿಡಿಯುವ ಪ್ರಯತ್ನಕ್ಕೂ ಕಣ್ಣುಗಳು ಮೂಗಿನ ಕಡೆಗೆ ತಿರುಗುವುದಕ್ಕೂ ನಿಕಟವಾದ ಸಂಬಂಧವಿರುವುದರಿಂದ, ಪ್ರಯತ್ನವು ಮಿತಿಮೀರಿದಾಗ ಒಂದು ಕಣ್ಣು ಒಳಕ್ಕೆ ವಾಲಿ ಮೆಳ್ಳೆಗಣ್ಣಾಗುವುದು. ಇದನ್ನು ಹಾಲೆಂಡ್ ದೇಶದ ಡಾಂಡರ್ಸ್ ಎಂಬ ಪಂಡಿತನು 1864ರ ತನ್ನ ಗ್ರಂಥದಲ್ಲಿಯೇ ವಿವರಿಸಿದ್ದನು. ಮೆಳ್ಳೆಗಣ್ಣು ಅದೃಷ್ಟದ ಲಕ್ಷಣವೆಂದೂ, ಬೆಳೆದಂತೆ ತಾನೇ ನೆಟ್ಟಗಾಗುವುದೆಂದೂ ಕನ್ನಡ ನಾಡಿನ ಮನೆಗಳಲ್ಲಿ ಆಡಿಕೊಳ್ಳುವುದುಂಟು. ಮೊದಲ ಮೂರು ನಾಲ್ಕು ತಿಂಗಳುಗಳಲ್ಲಿ ಕೂಸಿನ ಕಣ್ಣು ಆಗಾಗ ಅತ್ತಿತ್ತ ಓಲಾಡುವುದು ಸ್ವಾಭಾವಿಕವೇ ಸರಿ. ಆ ಮೇಲೆಯೂ ಅದು ನಿಲ್ಲದಿದ್ದರೆ ಅದರಲ್ಲಿ ಅದೃಷ್ಟವನ್ನು ಕಾಣುವುದಕ್ಕಿಂತ ವೈದ್ಯನನ್ನು ಕಾಣುವುದು ಲೇಸು.

ಈಗ ಅಳತೆಯ ವಿಚಾರ. ಮಾತಾಡದ ಕೂಸಿನ ಕಣ್ಣನ್ನು ಅಳೆಯುವ ಉಪಾಯವು ಶಿಶುಗಳಿಗಾಗಿ ಹುಟ್ಟಿದುದಲ್ಲ. ಫ್ರಾನ್ಸ್ ದೇಶದ ಸೈನ್ಯದ ವೈದ್ಯನಾಗಿದ್ದ ಕ್ವಿನ್ಯೇ ಎಂಬವನು 1873ರಲ್ಲಿ, ಕನ್ನಡಿಯಿಂದ ಕಣ್ಣಿನೊಳಕ್ಕೆ ಬೆಳಕನ್ನು ಬೀರಿ ಕನ್ನಡಿಯನ್ನು ಓರೆಮಾಡಿದರೆ ಪಾಪೆಯಲ್ಲಿ ತೋರುವ ಕೆಂಬೆಳಕು ಚಲಿಸುವುದನ್ನೂ, ಆ ಚಲನೆಯು ಒಬ್ಬೊಬ್ಬರ ಕಣ್ಣಿನಲ್ಲಿ ಒಂದೊಂದು ಬಗೆಯಾಗಿರುವುದನ್ನೂ ಪ್ರಕಟಿಸಿದನು. ಆ ಬೆಳಕು ಕಣ್ಣಿನ ಮುಂದಿನ ಪೊರೆಯದೆಂದು ಅವನು ಭ್ರಮಿಸಿದ್ದನು. ಅದು ಹಿಂದಿನ ಅಕ್ಷಿಪಟದಿಂದ ಮರಳಿ ಬರುವ ಬೆಳಕೆಂದು ಬೇರೆಯವರು ಕೆಲವೇ ವರ್ಷಗಳಲ್ಲಿ ತಿಳಿಯಪಡಿಸಿದರು; 1880ರಲ್ಲಿ ಪಾರಾಂ ಎಂಬವನು ಅದರಿಂದ ದೋಷವನ್ನು ಲೆಕ್ಕಹಾಕುವ ಕ್ರಮವನ್ನು ಹೇಳಿದನು. ಕಂಡವನ ವಿವರಣೆ ತಪ್ಪಾಗಿದ್ದರೂ ಕಂಡದ್ದು ನಿಜವಾಗಿದ್ದಿತು. ಶಾಸ್ತ್ರಗಳ ಚರಿತ್ರೆಯಲ್ಲಿ ಇಂತಹ ಅದೃಷ್ಟವಂತ ತಪ್ಪುಗಳು ಅನೇಕವಾಗಿವೆ.

ಈ ಪರೀಕ್ಷೆಯು ಇಂದಿಗೂ ಶಿಶುಗಳ ಕಣ್ಣಿಗೆ ಮುಖ್ಯವಾದ ಪರೀಕ್ಷೆಯಾಗಿ ಉಳಿದಿದೆ. ತಾಯಿಯು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಂದವಾದ ಬೆಳಕಿನ ಕೋಣೆಯಲ್ಲಿರುವಳು. ವೈದ್ಯನು ಒಂದು ತೋಳಿನ ಅಂತರದಲ್ಲಿ, ಸುಮಾರು 67 ಸೆಂಟಿಮೀಟರ್ ದೂರದಲ್ಲಿ ಕುಳಿತು, ರೆಟಿನೋಸ್ಕೋಪೆಂಬ ಕೈಯಂತ್ರದಿಂದ ಸಣ್ಣ ಬೆಳಕಿನ ಗೆರೆಯೊಂದನ್ನು ಕೂಸಿನ ಪಾಪೆಯ ಮೇಲೆ ಮೆಲ್ಲಗೆ ಅತ್ತಿತ್ತ ಆಡಿಸುವನು. ಒಳಗಿನ ಕೆಂಬೆಳಕು ಗೆರೆಯ ಜೊತೆಯಲ್ಲಿಯೇ ಸಾಗಿದರೆ ಒಂದು ಬಗೆ, ಎದುರಾಗಿ ಸಾಗಿದರೆ ಇನ್ನೊಂದು ಬಗೆ. ಮಸೂರಗಳನ್ನು ಒಂದೊಂದಾಗಿ ಕಣ್ಣಿನ ಮುಂದೆ ಹಿಡಿಯುತ್ತ ಹೋದಂತೆ ಆ ಚಲನೆಯು ತೀವ್ರವಾಗಿ, ಕಡೆಗೆ ಅತ್ತಲೂ ಇಲ್ಲ ಇತ್ತಲೂ ಇಲ್ಲವೆಂಬಂತೆ ಪಾಪೆಯೆಲ್ಲವೂ ಒಮ್ಮೆಲೇ ಬೆಳಗಿ ಒಮ್ಮೆಲೇ ಆರುವುದು. ಆಗ ಕೈಯಲ್ಲಿರುವ ಮಸೂರವೇ ಲೆಕ್ಕದ ಮೂಲವು. ಉದಾಹರಣೆಗೆ +5 ಡಯಾಪ್ಟರಿನ ಮಸೂರದಲ್ಲಿ ಚಲನೆಯು ನಿಂತರೆ, ವೈದ್ಯನು ಕುಳಿತ ದೂರದ ಸಲುವಾಗಿ ಒಂದೂವರೆಯನ್ನು ಕಳೆದು, ಕೂಸಿನ ದೋಷವು +3.5 ಎಂದು ಬರೆದುಕೊಳ್ಳುವನು. ಗೆರೆಯನ್ನು ಅಡ್ಡಕ್ಕೂ ಉದ್ದಕ್ಕೂ ತಿರುಗಿಸಿ ಅಳೆದರೆ ಅಸಮದೃಷ್ಟಿಯೂ ಗೊತ್ತಾಗುವುದು. ಇಷ್ಟರಲ್ಲಿ ಕೂಸು ಒಂದು ಮಾತನ್ನೂ ಆಡಬೇಕಾಗಿಲ್ಲ. ಕ್ಷಣಕಾಲ ಬೆಳಕಿನತ್ತ ನೋಡಿದರೆ ಸಾಕು. ಆ ಕ್ಷಣವನ್ನು ಹಿಡಿಯುವುದರಲ್ಲಿಯೇ ವೈದ್ಯನ ಜಾಣ್ಮೆಯೆಲ್ಲ ಇರುವುದು. ಹಸಿದ ಕೂಸು ಅಳುವುದು, ಉಂಡ ಕೂಸು ನಿದ್ರಿಸುವುದು. ಇವೆರಡರ ನಡುವಣ ಸಮಯವು ಬಹು ಚಿಕ್ಕದು.

ಆದರೆ ಮೃದುವಾದ ಮಸೂರವನ್ನು ಬಿಗಿಹಿಡಿದು ದೋಷವನ್ನು ಮುಚ್ಚುವ ಶಕ್ತಿಯು ಕೂಸಿಗಿದೆಯೆಂದು ಮೇಲೆ ಹೇಳಿದೆಯಷ್ಟೆ. ಆ ಬಿಗಿಯು ಸಡಿಲದೆ ಅಳೆದರೆ ದೂರದೃಷ್ಟಿಯು ಇದ್ದುದಕ್ಕಿಂತ ಕಡಿಮೆಯಾಗಿ ತೋರುವುದು. ಅದಕ್ಕಾಗಿ ಕಣ್ಣಿಗೆ ಔಷಧದ ಹನಿಯನ್ನು ಹಾಕುವರು. ಉಮ್ಮತ್ತಿಯ ರಸವು ಕಣ್ಣಿಗೆ ತಗಲಿದರೆ ಪಾಪೆಯು ಅಗಲವಾಗಿ ನಿಲ್ಲುವುದೆಂಬುದನ್ನು ಹಳ್ಳಿಗರು ಬಲ್ಲರು. ಉಮ್ಮತ್ತಿಯೂ, ಯುರೋಪ ಖಂಡದ ಬೆಲಡೋನವೆಂಬ ವಿಷದ ಗಿಡವೂ, ನಿತ್ಯವೂ ಉಣ್ಣುವ ಬದನೆಯೂ ಒಂದೇ ಕುಲದವು. ಬೆಲಡೋನದಿಂದ ತೆಗೆದ ಆಟ್ರೋಪಿನ್ ಎಂಬ ದ್ರವ್ಯವೇ ಬಹುಕಾಲ ಈ ಕೆಲಸಕ್ಕೆ ಬಳಕೆಯಾಯಿತು. ಅದರ ಪ್ರಭಾವವು ವಾರವನ್ನೂ ಮೀರಿ ಉಳಿಯುವುದು. ಕೆಲವು ಕೂಸುಗಳಿಗೆ ಮೈ ಕೆಂಪಾಗಿ ಜ್ವರವೂ ಬರುವುದು. ಈಗ ಸೈಕ್ಲೋಪೆಂಟೊಲೇಟ್ ಎಂಬ ಹನಿಯು ಹೆಚ್ಚಾಗಿ ಬಳಕೆಯಲ್ಲಿದೆ. ಅದರ ಪ್ರಭಾವವು ಸುಮಾರು ಒಂದು ದಿನದಲ್ಲಿ ಇಳಿಯುವುದು. ಇವೆಲ್ಲವೂ ವೈದ್ಯರು ತೂಗಿ ಕೊಡತಕ್ಕವು, ಮನೆಯಲ್ಲಿ ಪ್ರಯೋಗಿಸತಕ್ಕವಲ್ಲ. ಹನಿಯಿಲ್ಲದೆ ಅಳೆಯುವ ಕ್ರಮವೊಂದನ್ನು ಮೊಹಿಂದ್ರ ಎಂಬ ಹೆಸರಿನ ಸಂಶೋಧಕರು 1977ರಲ್ಲಿ ಪ್ರಕಟಿಸಿದರು. ಪೂರ್ತಿ ಕತ್ತಲೆಯ ಕೋಣೆಯಲ್ಲಿ ಒಂದು ಕಣ್ಣನ್ನು ಮುಚ್ಚಿ, ಇನ್ನೊಂದು ಕಣ್ಣು ಯಂತ್ರದ ಬೆಳಕನ್ನೇ ನೋಡುವಂತೆ ಮಾಡಿದರೆ ಮಸೂರವು ತಕ್ಕಮಟ್ಟಿಗೆ ಸಡಿಲವಾಗಿರುವುದೆಂಬುದೇ ಅದರ ತಿರುಳು.

ಅಳೆಯುವವನು ಕೂಸಿನ ಸಮೀಪಕ್ಕೆ ಹೋಗದೆಯೇ ಛಾಯಾಚಿತ್ರದಿಂದ ಅಳೆಯುವ ಉಪಾಯವನ್ನು ಹೌಲೆಂಡ್ ಸಹೋದರರು 1974ರಲ್ಲಿ ತೋರಿಸಿಕೊಟ್ಟರು. ಆ ಮಾರ್ಗದಲ್ಲಿಯೇ ಮುಂದುವರಿದು ಈಗ ಒಂದು ಮೀಟರ್ ದೂರದಲ್ಲಿ ಹಿಡಿದು, ಕಣ್ಣಿಗೆ ಕಾಣದ ಕೆಂಪಿನಾಚೆಯ ಕಿರಣಗಳಿಂದ ಎರಡೂ ಕಣ್ಣುಗಳನ್ನು ಕೆಲವು ಕ್ಷಣಗಳಲ್ಲಿ ಅಳೆಯುವ ಕೈಯಂತ್ರಗಳು ಬಂದಿವೆ. ನೂರಾರು ಮಕ್ಕಳಲ್ಲಿ ಸಂದೇಹವುಳ್ಳವರನ್ನು ಆರಿಸಿ ತೆಗೆಯಲು ಅವು ಬಹಳ ಉಪಯುಕ್ತವು. ಆದರೆ ಹನಿಯಿಲ್ಲದೆ ಅಳೆಯುವ ಯಂತ್ರವು ದೂರದೃಷ್ಟಿಯನ್ನು ಕಡಿಮೆಯಾಗಿ ಹೇಳುವ ಸಂಭವವಿರುವುದರಿಂದ, ಅದರ ಅಂಕೆಯನ್ನೇ ಅಂತಿಮವೆಂದು ಹಿಡಿದು ಉಪನೇತ್ರವನ್ನು ಕೊಡುವುದು ಯುಕ್ತವಲ್ಲ. ಅದು ಜರಡಿ, ತಕ್ಕಡಿಯಲ್ಲ.

ಇಂತಹ ಅಳತೆಗಳಿಂದ ಏನು ತಿಳಿಯಿತು? ಕುಕ್ ಮತ್ತು ಗ್ಲಾಸ್ಕಾಕ್ ಎಂಬವರು 1951ರಲ್ಲಿ ಪ್ರಕಟಿಸಿದ ವರದಿಯಲ್ಲಿ ಆಟ್ರೋಪಿನ್ ಹಾಕಿ ಅಳೆದ ನವಜಾತ ಶಿಶುಗಳ 1000 ಕಣ್ಣುಗಳ ಲೆಕ್ಕವಿದೆ. ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ದೂರದೃಷ್ಟಿಯವು, ಕಾಲು ಪಾಲು ಸಮೀಪದೃಷ್ಟಿಯವು. ಹುಟ್ಟಿನಲ್ಲಿ ಅಂಕೆಗಳು ಅತ್ತಲೂ ಇತ್ತಲೂ ಬಹುದೂರ ಚೆದರಿಕೊಂಡಿರುವುವು. ಅಮೆರಿಕೆಯ ಬರ್ಕ್ಲಿಯಲ್ಲಿ 222 ಶಿಶುಗಳನ್ನು ಹಿಂಬಾಲಿಸಿ ಅಳೆದು 2005ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಮೂರು ತಿಂಗಳಿನಲ್ಲಿ ಸರಾಸರಿ +2 ಡಯಾಪ್ಟರಿಗೆ ತುಸು ಮೇಲಿದ್ದ ಅಂಕೆಯು ಒಂಬತ್ತು ತಿಂಗಳಿಗೆ +1.4ರ ಸುಮಾರಿಗೆ ಇಳಿದಿದ್ದಿತು, ಚೆದರಿಕೆಯೂ ಕಿರಿದಾಗಿದ್ದಿತು. ಮೊದಲ ವರ್ಷದಲ್ಲಿ ಹೇರಳವಾಗಿ ಕಾಣುವ ಅಸಮದೃಷ್ಟಿಯೂ ಬಹುಮಟ್ಟಿಗೆ ತಾನಾಗಿಯೇ ಕರಗುವುದು. ಆದುದರಿಂದ ಶಿಶುವಿನ ಕಣ್ಣಿನಲ್ಲಿ ದೋಷವಿದೆಯೇ ಎಂಬ ಪ್ರಶ್ನೆಗಿಂತ ಆ ದೋಷವು ಇಳಿಯುತ್ತಿದೆಯೇ ಎಂಬ ಪ್ರಶ್ನೆಯು ಹೆಚ್ಚು ಅರ್ಥವುಳ್ಳದ್ದು. ಮೊದಲನೆಯದಕ್ಕೆ ಒಂದು ಅಳತೆ ಸಾಕು, ಎರಡನೆಯದಕ್ಕೆ ಸಾಲದು.

ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದಲ್ಲಿ ಜಾನೆಟ್ ಆಟ್ಕಿನ್ಸನ್, ಆಲಿವರ್ ಬ್ರಾಡಿಕ್ ಮತ್ತು ಅವರ ಸಂಗಡಿಗರು ಸುತ್ತಮುತ್ತಣ ಶಿಶುಗಳನ್ನು ಆರರಿಂದ ಒಂಬತ್ತು ತಿಂಗಳ ವಯಸ್ಸಿನಲ್ಲಿ ಅಳೆದು, ನಾಲ್ಕು ವರ್ಷವಾಗುವವರೆಗೆ ಬೆನ್ನುಹತ್ತಿ ನೋಡಿದರು. ಅವರು 1996ರಲ್ಲಿ ಪ್ರಕಟಿಸಿದ ಫಲವು ಗಂಭೀರವಾದುದು. ಎಳವೆಯಲ್ಲಿ ದೂರದೃಷ್ಟಿಯು ಅಧಿಕವಾಗಿದ್ದ ಮಕ್ಕಳಲ್ಲಿ ಮೆಳ್ಳೆಗಣ್ಣು ಉಳಿದವರಿಗಿಂತ 13 ಪಟ್ಟು ಹೆಚ್ಚಾಗಿಯೂ, ದೃಷ್ಟಿಮಾಂದ್ಯವು 6 ಪಟ್ಟು ಹೆಚ್ಚಾಗಿಯೂ ಕಾಣಿಸಿಕೊಂಡಿತು. ದೋಷದ ಒಂದು ಭಾಗವನ್ನು ಮಾತ್ರ ತಿದ್ದುವ ಉಪನೇತ್ರವನ್ನು ಧರಿಸಿದ ಮಕ್ಕಳಲ್ಲಿ ಈ ಅಂಕೆಗಳು 4 ಪಟ್ಟಿಗೂ ಎರಡೂವರೆ ಪಟ್ಟಿಗೂ ಇಳಿದುವು. ಆದರೆ ಅದೇ ದೇಶದ ಕೆಟರಿಂಗಿನಲ್ಲಿ ಇಂಗ್ರಾಮ್ ಎಂಬ ವೈದ್ಯರು ಆರು ತಿಂಗಳಿನಿಂದಲೇ ಉಪನೇತ್ರ ಕೊಟ್ಟು ನಡೆಸಿ 1990ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಮೆಳ್ಳೆಗಣ್ಣು ಕಡಿಮೆಯಾಗಲಿಲ್ಲ. ಬಲ್ಲವರಲ್ಲಿಯೇ ಹೀಗೆ ಭಿನ್ನಾಭಿಪ್ರಾಯವಿದೆಯೆಂಬುದನ್ನು ಮರೆಮಾಚುವುದು ಉಚಿತವಲ್ಲ.

ಈ ಭಿನ್ನಾಭಿಪ್ರಾಯದ ಬೆನ್ನಿಗೆ ಇನ್ನೊಂದು ಶಂಕೆಯಿದೆ. ಕೋಳಿಮರಿಗಳ ಕಣ್ಣಿಗೆ ಮಸೂರಗಳನ್ನು ತೊಡಿಸಿದರೆ ಆ ಕಣ್ಣುಗಳು ಮಸೂರಕ್ಕೆ ತಕ್ಕಂತೆ ಉದ್ದವಾಗಿಯೋ ಗಿಡ್ಡವಾಗಿಯೋ ಬೆಳೆಯುವುವೆಂದು ಶೇಫೆಲ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದರು. ಅಂದಮೇಲೆ ಕಣ್ಣು ಬೆಳೆಯುವುದು ಮಸಕಿನ ಸೂಚನೆಯನ್ನೇ ಹಿಡಿದು. ಕೂಸಿನ ದೋಷವನ್ನು ಉಪನೇತ್ರದಿಂದ ಪೂರ್ತಿಯಾಗಿ ತಿದ್ದಿಬಿಟ್ಟರೆ, ಬೆಳೆಯಬೇಕೆಂಬ ಆ ಸೂಚನೆಯೇ ಕಣ್ಣಿಗೆ ತಪ್ಪಿಹೋಗಬಹುದಲ್ಲವೇ? ಕೇಂಬ್ರಿಜಿನವರು ಸ್ವಲ್ಪ ದೋಷವನ್ನು ಉಳಿಸಿಯೇ ಉಪನೇತ್ರವನ್ನು ಕೊಟ್ಟುದು ಈ ಕಾರಣದಿಂದಲೇ. ಎಷ್ಟರಿಂದ ಮೇಲೆ ಕೊಡಬೇಕೆಂಬುದರಲ್ಲಿಯೂ ಏಕಾಭಿಪ್ರಾಯವಿಲ್ಲ. ಕೇಂಬ್ರಿಜಿನವರ ಗೆರೆ +3.5, ಮೆಳ್ಳೆಯಿಲ್ಲದ, ವರ್ಷ ತುಂಬದ ಕೂಸಿಗೆ ಅಮೆರಿಕೆಯ ನೇತ್ರವೈದ್ಯರ ಮಾರ್ಗಸೂಚಿಯು +6ರವರೆಗೆ ಕಾಯಲು ಅವಕಾಶ ಕೊಟ್ಟಿದೆ. ಆ ಸೂಚಿಯು ಅನುಭವಸ್ಥರ ಒಮ್ಮತದಿಂದ ಆದದ್ದೇ ಹೊರತು ಪರೀಕ್ಷೆಗಳಿಂದ ಸಿದ್ಧವಾದದ್ದಲ್ಲ. ಇಂತಿರಲು, ದೂರದೃಷ್ಟಿಯ ಕೂಸಿಗೆಲ್ಲ ಚಾಳೀಸು ಏರಿಸುವುದೂ ತಪ್ಪು, ಬೆಳೆದಂತೆ ಸರಿಹೋದೀತೆಂದು ಎಲ್ಲರನ್ನೂ ಮನೆಗೆ ಕಳುಹಿಸುವುದೂ ತಪ್ಪು. ನಡುವೆ ಇರುವ ದಾರಿಯು ತಾರೀಖು ಹಾಕಿದ ಅಳತೆಗಳ ಸಾಲೊಂದೇ. ತಾಯಿ ಕಾರ್ಡಿನಲ್ಲಿ ಕೂಸಿನ ತೂಕವನ್ನೂ ಲಸಿಕೆಯನ್ನೂ ಬರೆಯುವಂತೆ, ಕಣ್ಣಿನ ಅಂಕೆಯನ್ನೂ, ಅದನ್ನು ಹನಿ ಹಾಕಿ ಅಳೆದರೋ ಹಾಕದೆಯೋ ಎಂಬುದನ್ನೂ ಬರೆದಿಟ್ಟರೆ ಮುಂದಿನ ವೈದ್ಯನಿಗೆ ಹೋಲಿಸಲು ಆಧಾರವಾಗುವುದು.

ತಿಂಗಳು ತುಂಬದೆ ಹುಟ್ಟಿದ ಕೂಸುಗಳ ವಿಷಯದಲ್ಲಿ ಈ ಎಚ್ಚರವು ಇಮ್ಮಡಿಯಾಗಿರಬೇಕು. ಅವುಗಳ ಅಕ್ಷಿಪಟದ ರಕ್ತನಾಳಗಳು ಪೂರ್ತಿ ಬೆಳೆಯದೆ ರೋಗಕ್ಕೀಡಾಗುವುದುಂಟು. ಇದಕ್ಕಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಕಿಡ್‌ರಾಪ್ ಎಂಬ ಕಾರ್ಯವನ್ನು ಆರಂಭಿಸಿ, ಶಿಕ್ಷಣ ಪಡೆದ ಸಹಾಯಕರನ್ನು ಕರ್ನಾಟಕದ ಜಿಲ್ಲೆಗಳ ಶಿಶುಘಟಕಗಳಿಗೆ ಕಳುಹಿಸಿ, ಅಲ್ಲಿ ತೆಗೆದ ಚಿತ್ರಗಳನ್ನು ದೂರದಲ್ಲಿರುವ ತಜ್ಞರು ಪರಿಶೀಲಿಸುವ ಏರ್ಪಾಡನ್ನು ಮಾಡಿದರು. ರೋಗವು ಗುಣವಾದ ಮೇಲೂ ಇಂತಹ ಮಕ್ಕಳಲ್ಲಿ ಸಮೀಪದೃಷ್ಟಿಯೂ ಮೆಳ್ಳೆಗಣ್ಣೂ ಹೆಚ್ಚಾಗಿ ಕಂಡುಬರುವುದರಿಂದ, ಕಣ್ಣು ಉಳಿಯಿತೆಂದು ಹಿಗ್ಗಿ ಅಳತೆಯನ್ನು ಮರೆಯಬಾರದು. ಪಾಪೆಯು ಬೆಳ್ಳಗೆ ತೋರಿದರಂತೂ ಅದು ಅಳತೆಯ ಮಾತೇ ಅಲ್ಲ. ಆ ದಿನವೇ ನೇತ್ರವೈದ್ಯನಲ್ಲಿಗೆ ಒಯ್ಯತಕ್ಕದ್ದು. ಮನೆಯಲ್ಲಿ ಮಾಡಬಹುದಾದ ಸಣ್ಣ ಪರೀಕ್ಷೆಯೊಂದುಂಟು. ಆಡುತ್ತಿರುವ ಕೂಸಿನ ಒಂದೊಂದೇ ಕಣ್ಣನ್ನು ಅಂಗೈಯಿಂದ ಮರೆಮಾಡಿದಾಗ, ಒಂದನ್ನು ಮುಚ್ಚಿದರೆ ಸುಮ್ಮನಿದ್ದು ಇನ್ನೊಂದನ್ನು ಮುಚ್ಚಿದರೆ ಪ್ರತಿಸಲವೂ ಅತ್ತು ಕೈಯನ್ನು ನೂಕಿದರೆ, ತೆರೆದಿರುವ ಕಣ್ಣು ಕಾಣುವುದರಲ್ಲಿ ಹಿಂದಾಗಿರಬಹುದೆಂದು ಸಂದೇಹಪಡಬೇಕು.

ಕಡೆಯದಾಗಿ ಇಬ್ಬರು ಕೂಸುಗಳನ್ನು ಕಲ್ಪಿಸಿಕೊಳ್ಳಬಹುದು. ಆರನೆಯ ತಿಂಗಳಿನಲ್ಲಿ ಹನಿ ಹಾಕಿ ಅಳೆದಾಗ ಇಬ್ಬರಿಗೂ, ಎರಡು ಕಣ್ಣಿನಲ್ಲಿಯೂ, +4 ಬಂದಿತೆನ್ನೋಣ. ಅಂದಿನ ಮಟ್ಟಿಗೆ ಇಬ್ಬರಲ್ಲಿ ಯಾವ ಭೇದವೂ ಇಲ್ಲ. ಒಂಬತ್ತನೆಯ ತಿಂಗಳಿನಲ್ಲಿ ಮೊದಲನೆಯ ಕೂಸಿನ ಅಂಕೆಯು ಎರಡು ಕಣ್ಣಿನಲ್ಲಿಯೂ +2.5ಕ್ಕೆ ಇಳಿದಿದೆ. ಎರಡನೆಯದರ ಬಲಗಣ್ಣು +4ರಲ್ಲಿಯೇ ನಿಂತು ಎಡಗಣ್ಣು +5.5ಕ್ಕೆ ಏರಿದೆ. ಮೊದಲನೆಯ ಕೂಸಿಗೆ ಏನನ್ನೂ ಕೊಡದೆ ಮತ್ತೆ ಬರಹೇಳುವರು. ಎರಡನೆಯದಕ್ಕೆ ಒಂದು ಡಯಾಪ್ಟರನ್ನು ಉಳಿಸಿ, ಕಣ್ಣುಗಳ ನಡುವಣ ಅಂತರವನ್ನು ಮಾತ್ರ ಪೂರ್ತಿಯಾಗಿ ತಿದ್ದಿ, +3 ಮತ್ತು +4.5 ಮಸೂರಗಳ ಪುಟ್ಟ ಉಪನೇತ್ರವನ್ನು ತಲೆಯ ಹಿಂದೆ ಮೆತ್ತನೆಯ ಪಟ್ಟಿಯಿಂದ ಕಟ್ಟಿಕೊಡುವರು. ಮೊದಲ ದಿನಗಳಲ್ಲಿ ಕೂಸು ಅದನ್ನು ಕಿತ್ತೆಸೆಯುವುದು, ಅಜ್ಜಿಯು ಕನಿಕರಪಟ್ಟು ಸೆರಗಿನಲ್ಲಿ ಬಚ್ಚಿಡುವಳು. ತಾಯಿಯು ಮತ್ತೆ ಏರಿಸುವಳು. ಹನ್ನೆರಡನೆಯ ತಿಂಗಳಿನಲ್ಲಿ ಎರಡು ಕೂಸುಗಳನ್ನೂ ಪುನಃ ಆ ಮಬ್ಬುಗತ್ತಲೆಯ ಕೋಣೆಗೆ ಕರೆತರುವರು, ಮೊದಲನೆಯದನ್ನೂ ಬಿಡುವುದಿಲ್ಲ.